ಮಾಮೂಲಿ ಭತ್ತ

...ಇಲ್ಲ ಇಲ್ಲ, ಕಾಫಿ ಬೇಡ. ಕೂತ್ಕೊಳ್ಳಿ ವಿಭಾ, ನೀವು ನಿಂತೇ ಇದ್ರೆ ನಾನು ಹೇಗೆ ಮಾತಾಡ್ಲಿ? ಆ ಡಬ್ಬಿ ಅಲ್ಲೇ ಇರ್ಲಿ. ಬಿಸಿಬೇಳೆ ಬಾತ್, ಸತ್ಯವತಿ ಬೆಳಗ್ಗೆ ಎದ್ದು ಮಾಡಿದ್ದಾಳೆ. ತಾನೂ ಬರ್ತೀನಿ ಅಂದ್ಲು, ನಾನೇ ಬೇಡ ಅಂದೆ. ನನ್ನ ಹೆಂಡ್ತಿ ವಿಷಯ ನಿಮಗೆ ಗೊತ್ತಲ್ಲ, ನಿಮ್ಮ ಮುಖ ನೋಡಿದ ತಕ್ಷಣ ಅಳೋಕೆ ಶುರು ಮಾಡ್ತಾಳೆ, ಆಮೇಲೆ ನೀವೇ ಅವಳಿಗೆ ಸಮಾಧಾನ ಮಾಡ್ಬೇಕು. ಗಂಡನ್ನ ಕಳಕೊಂಡು ಇನ್ನೂ ತಿಂಗಳಾಗಿದೆ ಅಷ್ಟೇ, ಬೇರೆಯವರ ಕಣ್ಣೊರೆಸೋ ಕರ್ಮ ನಿಮಗ್ಯಾಕೆ? ಹಿತಾ ಸ್ಕೂಲಿಂದ ಬರೋಕೆ ಹೊತ್ತಿದೆ ಅಲ್ವಾ? ಒಳ್ಳೇದು. ಮಗು ಎದುರಿಗೆ ಇದೆಲ್ಲ ಬೇಡ.

ಹೂಂ, ನಾಳೆ ವಿಷಯಕ್ಕೇ ಬಂದೆ. ಇನ್‌ಕ್ವೈರಿಯವರು ನಿಮ್ಮನ್ನ ಕರೆದಿದಾರೆ ಅಂತ ಆಫೀಸಲ್ಲಿ ಗೊತ್ತಾಯ್ತು. ಹೆದರೋಂಥದ್ದು ಏನೂ ಇಲ್ಲ. ಒಂದು ಟೇಬಲ್ಲು, ಮೂರ್ನಾಲ್ಕು ಜನ, ಎದುರಿಗೊಂದು ನೀರಿನ ಬಾಟ್ಲು. ನನ್ನನ್ನೂ ಕೂರಿಸಿದ್ರು. ಮರ್ಯಾದಸ್ಥರು, ಜೋರು ದನಿ ಮಾಡಲ್ಲ. ಮಧ್ವೇಶ್ ನಿಮ್ಮ ಲ್ಯಾಬಲ್ಲಿ ಹೇಗಿದ್ರು ಅಂತ ಕೇಳಿದ್ರು. ನನ್ನ ಬಲಗೈ ಅಂದೆ. ಸುಳ್ಳಾ ಹೇಳಿ? ಪ್ರೊಫೆಸರ್ ದ್ವಾರಕನಾಥ್ ಈ ಊರಲ್ಲಿ ಏನಾದ್ರೂ ಸಾಧಿಸಿದ್ದಾನೆ ಅಂದ್ರೆ ಅದರಲ್ಲಿ ಅರ್ಧ ನಿಮ್ಮ ಯಜಮಾನ್ರದ್ದು. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ.

ಗೊತ್ತು. ನೀವು ಫೋನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. ರಜದ ದಿನ, ಭಾನುವಾರ, ಅವನು ಲ್ಯಾಬಿಗೆ ಯಾಕೆ ಹೋದ? ನನಗೂ ಅದೇ ಪ್ರಶ್ನೆ ತಾಯಿ. ಶುಕ್ರವಾರ ಸಾಯಂಕಾಲ ನಾವಿಬ್ರೂ ಆಡಿದ್ದೇ ಕೊನೇ ಮಾತು. ಎರಡು ದಿನ ಆರಾಮಾಗಿರಪ್ಪ, ಮಗಳ ಜೊತೆ ಇರು ಅಂದೆ. ನಕ್ಕ, ಹೋದ. ಭಾನುವಾರ ನಾನು ಅಲ್ಲಿಗೆ ಹೋಗಿದ್ದು ಕನ್ನಡಕ ಮರೆತು ಬಂದಿದ್ದಕ್ಕೆ. ನೋಡಿದ್ರೆ ಗ್ರೋತ್ ರೂಮ್ ಬಾಗಿಲು ತೆರೆದಿದೆ, ಹೊಸ್ತಿಲ ಹತ್ರ ಇವನು ಬಿದ್ದಿದ್ದಾನೆ. ನೋಡಿದ ತಕ್ಷಣ ಎಳೆದು ಹೊರಗೆ ಹಾಕಿದೆ, ಆಂಬುಲೆನ್ಸಿಗೆ ಫೋನ್ ಮಾಡಿದೆ. ಅವರೇ ಹೇಳಿದ್ರು, ಇನ್ನೇನೂ ಮಾಡೋ ಹಾಗಿರಲಿಲ್ಲ ಅಂತ. ಕಾರ್ಬನ್ ಡೈಆಕ್ಸೈಡ್. ಬೇರೆ ಯಾವುದೋ ಪ್ರಯೋಗಕ್ಕೆ ಹಿಂದೆ ಎಳೆಸಿದ ಗ್ಯಾಸ್ ಪೈಪು, ನಮಗೆ ಬೇಕಾಗಿರಲಿಲ್ಲ, ಮುಚ್ಚಿಟ್ಟಿದ್ವಿ. ಆ ದಿನ ವಾಲ್ವ್ ಪೂರ್ತಿ ಕೈ ಕೊಟ್ಟಿದೆ. ನಮ್ಮ ಭತ್ತ ಬೆಳೆಸೋದು ಮುಚ್ಚಿದ ಕೋಣೇಲಿ ನೋಡಿ, ಗ್ಯಾಸು ಹೋಗೋಕೆ ಜಾಗ ಇಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ. ಗೊತ್ತಾಗೋದ್ರೊಳಗೆ ಮೊಣಕಾಲು ಕುಸಿದಿರುತ್ತೆ.

ನೀರು ಕುಡೀರಿ. ನಿಧಾನ.

ಈಗ ಅವರ ತಲೆನೋವು ಒಂದೇ. ಆ ರೂಮಲ್ಲಿ ಅಲಾರಂ ಇತ್ತು, ಗ್ಯಾಸ್ ಜಾಸ್ತಿಯಾದ್ರೆ ಕೂಗ್ಬೇಕಿತ್ತು. ಆದ್ರೆ ಯಾರೋ ಆಫ್ ಮಾಡಿದ್ರು. ಯಾರು? ಅದಕ್ಕೇ ನಾಳೆ ನೀವು ಒಂದೇ ಒಂದು ಮಾತು ಹೇಳಿದ್ರೆ ಸಾಕು. ಈ ಮನೇಲಿ ಸ್ಮೋಕ್ ಅಲಾರಂ ಇತ್ತಲ್ಲ, ಒಗ್ಗರಣೆಗೆ ಮೆಣಸಿನಕಾಯಿ ಬಿದ್ದಾಗೆಲ್ಲ ಕಿರುಚ್ತಿತ್ತು, ಇವರು ಸ್ಟೂಲ್ ಹತ್ತಿ ಬ್ಯಾಟರಿ ಕಿತ್ತಿಟ್ರು ಅಂತ ಯುಗಾದಿ ಊಟದ ದಿನ ನೀವೇ ನಗ್ತಾ ಹೇಳಿದ್ರಲ್ಲ. ಅಷ್ಟೇ. ಅಲಾರಂ ಕೂಗಿದ್ರೆ ಅವರಿಗೆ ಆಗ್ತಿರಲಿಲ್ಲ ಅಂತ ಹೇಳಿ. ಸುಳ್ಳು ಹೇಳಿ ಅಂತಿಲ್ಲ ನಾನು.

ಯಾಕೆ ಹಾಗೆ ನೋಡ್ತೀರಿ? ಅವನ ಮೇಲೆ ತಪ್ಪು ಹೊರಿಸೋಕೆ ಬಂದಿಲ್ಲ ವಿಭಾ. ಆಕಸ್ಮಿಕ ಅಂತ ಬರೆದು ಫೈಲ್ ಮುಚ್ತಾರೆ. ಇಲ್ದಿದ್ರೆ ಲ್ಯಾಬ್ ಮುಚ್ತಾರೆ. ಲ್ಯಾಬ್ ಮುಚ್ಚಿದ್ರೆ ಅವನು ಇಷ್ಟು ವರ್ಷ ಬೆವರು ಸುರಿಸಿದ್ದೆಲ್ಲ ಮಣ್ಣು ಪಾಲು. ಉಳಿದ್ರೆ, ರಿಸರ್ಚ್ ಪೇಪರ್ ಬರುತ್ತೆ, ಅದರ ಮೇಲೆ ಮೊದಲ ಹೆಸರು ಅವನದ್ದು. ಹಿತಾ ದೊಡ್ಡವಳಾದ್ಮೇಲೆ ನಮ್ಮಪ್ಪ ಇದನ್ನ ಮಾಡಿದ್ರು ಅಂತ ತೋರಿಸ್ಬೇಕಲ್ವಾ?

ಇರಿ, ಮರೆತೇಬಿಟ್ಟಿದ್ದೆ. ಈ ಕವರ್ ತೊಗೊಳ್ಳಿ. ತೆಗೆದು ನೋಡಿ. ಕದಿರು. ನೀವು ಉಡುಪಿಯೋರು ಕದಿರು ಅಂತೀರಿ, ನಮ್ಮ ಮೈಸೂರು ಕಡೆ ತೆನೆ ಅಂತೀವಿ. ವರ್ಷ ತುಂಬೋವರೆಗೂ ಈ ಮನೇಲಿ ಹಬ್ಬ ಇಲ್ಲ, ಬಾಗಿಲಿಗೆ ಕಟ್ಟೋ ಹಾಗಿಲ್ಲ, ಅಷ್ಟು ಗೊತ್ತಿಲ್ದೋನಲ್ಲ ನಾನು. ಕಟ್ಟೋಕಲ್ಲ. ಅವನ ಕೈಯಲ್ಲಿ ಬೆಳೆದಿದ್ದು, ನಿಮ್ಮ ಹತ್ರ ಇರ್ಲಿ ಅಂತ ತಂದೆ. ಪ್ರತಿ ನವರಾತ್ರಿಗೆ ಹೊತ್ಕೊಂಡು ಬರ್ತಿದ್ನಲ್ಲ! ದೇಶ ಬಿಟ್ಟು ಬಂದು ಈ ಊರಲ್ಲಿ ಗದ್ದೆ ಎಲ್ಲಿಂದ ಬರ್ಬೇಕು? ಇಲ್ಲಿನ ಉಡುಪಿ, ಮಂಗಳೂರಿನ ಮನೆಗಳಿಗೆಲ್ಲ ನಮ್ಮ ಲ್ಯಾಬಿನ ಕದಿರೇ ಗತಿ. ನೀವು ಮಾವಿನೆಲೆ, ಹಲಸಿನೆಲೆ ಜೊತೆ ಸುತ್ತಿ ಕಟ್ಟು ಮಾಡೋರು, ಅವನು ಎಂಆರ್‌ಟಿ ರೈಲಲ್ಲಿ ಮನೆಮನೆಗೆ ಹಂಚ್ಕೊಂಡು ಬರೋನು. ಹೊಸ ತಳಿಯ ಒಂದು ಕಾಳೂ ಲ್ಯಾಬ್ ದಾಟೋ ಹಾಗಿಲ್ಲ, ರೂಲ್ಸು. ಆದ್ರೆ ಅದರ ಪಕ್ಕದಲ್ಲಿ ಹೋಲಿಸಿ ನೋಡೋಕೆ ಅಂತ ಮಾಮೂಲಿ ಭತ್ತ ಇಡ್ತೀವಲ್ಲ, ಅದನ್ನ ಕೊಡಬಹುದು. 'ಏನ್ ಸಾರ್, ನಿಮ್ಮ ಭತ್ತದ ತುಂಬ ಜೊಳ್ಳು' ಅಂತ ನೀವು ವರ್ಷಾ ವರ್ಷಾ ನನ್ನ ಕಾಲೆಳೀತಿದ್ರಿ. ಎಳೀರಿ, ಈ ವರ್ಷಾನೂ ಎಳೀರಿ. ನಿಮ್ಮ ಬಾಯಿಂದ ಒಂದು ಮಾತಾದ್ರೂ ಬರ್ಲಿ.

ಅವನು ಏನು ಕೆಲಸ ಮಾಡ್ತಿದ್ದ ಅಂತ ನಿಮಗೆ ಬಿಡಿಸಿ ಹೇಳಿದ್ದಾನಾ? ಇಲ್ವಾ? ಅದೇ ಅವನ ಸ್ವಭಾವ. ನಾನು ಹೇಳ್ತೀನಿ ಕೇಳಿ. ಸುಲಭ ಇದೆ. ನಾಳೆ ಅವರು ಕೇಳಿದ್ರೂ ಕೇಳ್ಬಹುದು.

ನೀವು ಅಕ್ಕಿ ಆರಿಸ್ತೀರಿ ಅಂದ್ಕೊಳ್ಳಿ. ಅಕ್ಕಿ ಪಾತ್ರೆಗೆ, ಕಲ್ಲು ಹೊರಗೆ. ಗಿಡದ ಎಲೆ ಒಳಗೆ ಹಾಗೆ ಆರಿಸೋ ಒಂದು ಪ್ರೋಟೀನ್ ಇದೆ. ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹಿಡಿದು ಸಕ್ಕರೆ ಮಾಡೋ ಕೆಲಸಕ್ಕೆ ಕೊಡುತ್ತೆ. ಅದೇ ಅಕ್ಕಿ. ಆದ್ರೆ ಅದಕ್ಕೆ ಕಣ್ಣು ಮಂಜು. ಎಷ್ಟೋ ಸಲ ಆಕ್ಸಿಜನ್ನನ್ನೇ ಹಿಡ್ಕೊಂಡುಬಿಡುತ್ತೆ, ಕಲ್ಲನ್ನ ಪಾತ್ರೆಗೆ ಹಾಕ್ದಂಗೆ. ಆಮೇಲೆ ಆ ಕಲ್ಲು ತೆಗೆಯೋಕೆ ಗಿಡ ಒದ್ದಾಡ್ಬೇಕು, ಒಳಗಿದ್ದ ಒಂದಷ್ಟು ಅಕ್ಕೀನೂ ಜೊತೆಗೆ ಚೆಲ್ಬೇಕು. ದುಡಿದಿದ್ದನ್ನ ತಾನೇ ಸುಟ್ಕೊಳ್ಳೋದು. ಬಿಸಿ ಏರಿದಷ್ಟೂ ಈ ತಪ್ಪು ಜಾಸ್ತಿ. ಭತ್ತದ ಹಣೆಬರಹ ಇದು. ನಮ್ಮ ಬಿಸಿ ರೂಮಲ್ಲಿ ಮಾಮೂಲಿ ಭತ್ತ ಸೊರಗೋದು, ಜೊಳ್ಳಾಗೋದು ಅದಕ್ಕೇ.

ಆದ್ರೆ ರಾಗಿ ನೋಡಿ, ಜೋಳ ನೋಡಿ, ಕಬ್ಬು ನೋಡಿ. ಜಾಣ ಗಿಡಗಳು! ಅವು ಎಲೆಯ ಹೊರಗಿನ ಕೋಶಗಳಲ್ಲೇ ಕಾರ್ಬನ್ ಡೈಆಕ್ಸೈಡ್ ಹಿಡಿದು, ಗಂಟು ಕಟ್ಟಿ, ಒಳಗಿನ ಭದ್ರವಾದ ಕೋಶಗಳಿಗೆ ಸಾಗಿಸ್ತವೆ. ಅಲ್ಲಿ ಬಿಚ್ಚಿದ್ರೆ ಸುತ್ತ ಎಲ್ಲ ಅದೇ, ಆಕ್ಸಿಜನ್ನಿಗೆ ಅವಕಾಶ ಕಮ್ಮಿ. ಹೊರಗೇ ಆರಿಸಿ ಅಡುಗೆಮನೆಗೆ ತಂದಂಗೆ. ಕಣ್ಣು ಮಂಜಾದ್ರೂ ಚಿಂತೆ ಇಲ್ಲ. ಆ ಜಾಣತನಾನ ಭತ್ತಕ್ಕೆ ಕಲಿಸ್ಬೇಕು ಅಂತ ಹೊರಟೋರು ನಾವು. ಎಲೆ ಒಳಗಿನ ಮನೆಯನ್ನೇ ಕೆಡವಿ ಕಟ್ಟೋ ಕೆಲಸ. ನನ್ನ ಕೂದಲು ಅದರಲ್ಲೇ ಬೆಳ್ಳಗಾಯ್ತು.

ಸುಲಭದ ದಾರಿ ಇಲ್ವಾ ಅಂದ್ರೆ, ಇದೆ. ಗಾಜಿನ ಮನೇಲಿ ತರಕಾರಿ ಬೆಳೆಯೋರು ಮಾಡ್ತಾರೆ. ಸಿಲಿಂಡರಿಂದ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಗಾಳಿ ತುಂಬ ಅದನ್ನೇ ತುಂಬಿಸ್ತಾರೆ. ಪಾತ್ರೆ ಮುಂದೆ ರಾಶಿ ರಾಶಿ ಅಕ್ಕಿ ಸುರಿದ ಮೇಲೆ ಕಲ್ಲು ಸಿಗೋದೇ ಅಪರೂಪ ನೋಡಿ. ಆಗ ಎಂಥ ದಡ್ಡ ಗಿಡವೂ ತಪ್ಪು ಮಾಡಲ್ಲ. ಮಾಮೂಲಿ ಭತ್ತವೂ ಎದ್ದು ನಿಲ್ಲುತ್ತೆ, ಕಾಳು ಗಟ್ಟಿ ಕಟ್ಟುತ್ತೆ. ಆದ್ರೆ ಊರಿನ ಗದ್ದೆಗೆಲ್ಲ ಗ್ಯಾಸ್ ಬಿಡೋಕಾಗುತ್ತಾ? ಅದಕ್ಕೇ ಭತ್ತವನ್ನೇ ಬದಲಾಯಿಸ್ಬೇಕು ಅನ್ನೋದು. ತಿಳೀತಾ? ನಾನು ಪಾಠ ಮಾಡಿದ್ರೆ ಎಂಥವರಿಗೂ ತಲೆಗೆ ಹೋಗುತ್ತೆ, ಮಧ್ವೇಶನೇ ಹೇಳೋನು.

ಈ ಸಲ ಹೊಸ ತಳಿ ಅದ್ಭುತವಾಗಿ ಬಂದಿತ್ತು ವಿಭಾ. ಆ ಭಾನುವಾರ ಕಳೆದು ಬುಧವಾರಕ್ಕೆ ಹೊರಗಿನ ತಜ್ಞರು ಬರೋರಿದ್ರು, ಪ್ರಾಜೆಕ್ಟ್ ಇರ್ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋಕೆ. ಅವರಿಗೆ ತೋರಿಸೋ ಭಾಗ್ಯ ಅವನಿಗಿರಲಿಲ್ಲ.

ಏನು ಮಾಡ್ತಿದೀರಿ? ಕಾಳನ್ನ ಉಗುರಲ್ಲಿ ಒತ್ತಿ ನೋಡ್ತಿದೀರಾ... ಹೂಂ, ಗಟ್ಟಿ ಇದೆ. ಈ ವರ್ಷ ಕಾಳು ಚೆನ್ನಾಗಿ ಕಟ್ಟಿದೆ. ಇನ್ನೊಂದಾ? ಅದೂ ಗಟ್ಟೀನೇ. ಎಲ್ಲವನ್ನೂ ಒತ್ತಿ ನೋಡ್ಬೇಕಾ? ಸಾಕು ಬಿಡಿ, ಉದುರಿ ಹೋಗುತ್ತೆ.

ಇಲ್ಲ ಇಲ್ಲ, ಇದು ಹೊಸ ತಳಿ ಅಲ್ಲ. ಹೇಳಿದ್ನಲ್ಲ, ಅದನ್ನ ಹೊರಗೆ ತರೋ ಹಾಗಿಲ್ಲ. ಇದು ಮಾಮೂಲಿದೇ. ಅದೇ ರೂಮಿನದೇ, ಬೇರೆ ಎಲ್ಲಿಂದ ತರ್ಲಿ ನಾನು? ಗೊಬ್ಬರ ಬದಲಾಯಿಸಿದ್ವಿ ಈ ಸಲ. ಗೊಬ್ಬರದ ಗುಣ ಇರ್ಬೇಕು.

...

ಗ್ಯಾಸಾ? ನಾನು ಹೇಳಿದ್ದು ತರಕಾರಿ ಬೆಳೆಯೋರ ವಿಷಯ ವಿಭಾ. ಆ ಮಾತನ್ನ ಇಲ್ಲಿಗೆ ತಂದು ಅಂಟಿಸ್ಬೇಡಿ. ಗ್ಯಾಸ್ ಸೋರಿದ್ದು ಭಾನುವಾರ. ಭಾನುವಾರ. ಕಾಳು ಒಂದು ದಿನದಲ್ಲಿ ಕಟ್ಟಲ್ಲ, ನಿಜ, ವಾರಗಳೇ ಬೇಕು. ಸರಿ, ಅಂದ್ರೆ... ಮುಂಚಿಂದಾನೂ ಸ್ವಲ್ಪ ಸ್ವಲ್ಪ ಸೋರ್ತಿತ್ತು ಅಂತ ಇಟ್ಕೊಳ್ಳಿ. ನನಗೆ ಹೇಗೆ ಗೊತ್ತಾಗ್ಬೇಕು? ನಾನು ಮೀಟಿಂಗು, ಮಣ್ಣು ಮಸಿ ಅಂತ ಓಡಾಡ್ತಿದ್ದೋನು, ಆ ರೂಮಿಗೆ ಕಾಲಿಟ್ಟು ಎಷ್ಟೋ ದಿನ ಆಗಿತ್ತು. ಅವನು ಹೋದ್ಮೇಲೆ ಸೀಲ್ ಮಾಡಿಬಿಟ್ರು. ಅವತ್ತಿಂದ ಇವತ್ತಿನವರೆಗೂ ಯಾರನ್ನೂ ಒಳಗೆ ಬಿಟ್ಟಿಲ್ಲ, ನನ್ನನ್ನೂ ಬಿಟ್ಟಿಲ್ಲ. ಬಾಗಿಲಿಗೆ ಟೇಪು ಸುತ್ತಿದಾರೆ. ಒಂದು ಸೊಳ್ಳೇನೂ ಹೋಗೋ ಹಾಗಿಲ್ಲ.

ಏನು? ಯಾಕೆ ಕದಿರನ್ನೂ ನನ್ನ ಮುಖಾನೂ ನೋಡ್ತೀರಿ?

ಓ... ಇದಾ. ಇದು ಹೇಗೆ ಬಂತು ಅಂತಾನಾ? ಈ ಕುಂಡಗಳು ಹೊರಗಿದ್ವು. ಗ್ಲಾಸ್‌ಹೌಸಲ್ಲಿ. ರೂಮಲ್ಲಿ ಬೆಳೆದಿದ್ದೇ, ಆದ್ರೆ ಸೀಲ್ ಮಾಡೋ ಹೊತ್ತಿಗೆ ಹೊರಗಿದ್ವು. ಅವನೇ ತಂದಿಟ್ಟಿರ್ಬೇಕು. ಯಾಕೆ ಅಂತ ನಾನೇನು ಹೇಳ್ಲಿ? ಜಾಗ ಸಾಲ್ದೇ ಇರ್ಬಹುದು. ಅವನಿಗೆ ಏನು ತೋಚಿತೋ.

ಹಾಗೆ ತಲೆ ಅಲ್ಲಾಡಿಸ್ಬೇಡಿ. ಗೊತ್ತು, ಗೊತ್ತು. ಪಕ್ಕದಲ್ಲಿ ಮಾಮೂಲಿ ಭತ್ತ ಇಲ್ದಿದ್ರೆ ಹೊಸದು ದೊಡ್ಡದಾಗಿದೆ ಅಂತ ಯಾವುದಕ್ಕೆ ಹೋಲಿಸಿ ಹೇಳೋದು ಸಾರ್ ಅನ್ನೋನು. ಒಂದು ಕುಂಡ ಸರಿಸಿದ್ರೂ ನನ್ನ ಜೊತೆ ಜಗಳಕ್ಕೆ ನಿಲ್ಲೋನು. ಕೊಯ್ಲಿಗೆ ಮುಂಚೆ ತಾನಾಗಿ ಅವನ್ನ ಹೊರಗಿಡೋ ಮನುಷ್ಯ ಅಲ್ಲ. ಮನೇಲೂ ಅದನ್ನೇ ಹೇಳ್ತಿದ್ನಾ? ಹೇಳಿರ್ತಾನೆ. ಬಾಕಿ ಏನೂ ಹೇಳ್ತಿರಲಿಲ್ಲ, ಇದೊಂದು ಹೇಳಿರ್ತಾನೆ.

ನೀವು ಬುಧವಾರದ ವಿಷಯ ಅರ್ಥ ಮಾಡ್ಕೋಬೇಕು ತಾಯಿ. ಇಡೀ ಆಯಸ್ಸು! ನಮ್ಮೂರ ಕಾಲೇಜಲ್ಲಿ ಪಾಠ ಮಾಡ್ಕೊಂಡು ಇರ್ಬಹುದಿತ್ತು, ಎಲ್ಲ ಬಿಟ್ಟು ಇದರ ಹಿಂದೆ ಬಿದ್ದೆ. ಪ್ರತಿ ಸಲ ಸೋಲು. ಈ ಸಲ ಹೊಸ ತಳಿ ಎದ್ದು ನಿಂತಿದೆ. ಹಸಿರು ಅಂದ್ರೆ ಹಸಿರು, ಕಣ್ಣಲ್ಲಿ ನೀರು ಬರೋವಂಥ ಹಸಿರು. ಆಮೇಲೆ ಪಕ್ಕಕ್ಕೆ ನೋಡಿದ್ರೆ... ಮಾಮೂಲಿದೂ ಅಷ್ಟೇ ಎತ್ತರ. ಅದೇ ಹಸಿರು. ಒಂದು ಬೆರಳಿನ ವ್ಯತ್ಯಾಸ ಇಲ್ಲ. ನಮ್ಮ ತಳೀಲಿ ಏನೂ ಇಲ್ಲ ವಿಭಾ, ಎಲ್ಲ ಗ್ಯಾಸಿಂದು.

...ಹೌದು. ನೋಡಿದ್ದೆ. ಶುಕ್ರವಾರ ನೋಡಿದ್ದೆ. ಅವನೇ ಕರ್ಕೊಂಡು ಹೋಗಿ ತೋರಿಸಿದ. 'ಸಾರ್, ಮಾಮೂಲಿದೂ ಎದ್ದು ನಿಂತಿದೆ, ಗ್ಯಾಸ್ ಎಲ್ಲೋ ಸೋರ್ತಿದೆ, ಇವತ್ತೇ ನೋಡಿಸೋಣ' ಅಂದ. ನೋಡಿಸೋಣ ಅಂದೆ. ಬೇಡ ಅನ್ನಲಿಲ್ಲ. ಬುಧವಾರ ಆಗಿಹೋಗ್ಲಿ ಅಂದೆ. ಸೋರೋದು ನಿಂತ್ರೆ ಎರಡೂ ಸೊರಗ್ತವೆ, ಅವರು ಬಂದು ಏನು ನೋಡ್ತಾರೆ? ನಾವು ನಿಂತಿದ್ದಾಗ್ಲೇ ಆ ಹಾಳು ಅಲಾರಂ ಕೂಗೋಕೆ ಶುರು ಮಾಡ್ತು. ಜನ ಬಂದ್ಬಿಡ್ತಾರೆ ಅಂತ ನಾನು ಬಟನ್ ಒತ್ತಿ ಆಫ್ ಮಾಡಿದೆ.

ಹಾಗೆ ನೋಡ್ಬೇಡಿ. ಬಟನ್ ಒತ್ತಿದೋನು ಕೊಲೆಗಾರ ಆಗಲ್ಲ. ಆವಾಗ ತುಂಬ ಸೋರ್ತಿರಲಿಲ್ಲ, ನನಗೆ ಸ್ವಲ್ಪ ತಲೆ ಭಾರ ಆಗಿತ್ತು ಅಷ್ಟೇ. ವಾಲ್ವ್ ಪೂರ್ತಿ ಕಿತ್ತುಹೋಗುತ್ತೆ ಅಂತ ಯಾರಿಗೆ ಗೊತ್ತಿತ್ತು? ಮಾಮೂಲಿ ಕುಂಡಗಳನ್ನ ಹೊರಗೆ ಸಾಗಿಸಿಬಿಡು, ಆ ದಿನಕ್ಕೆ ಮಾತ್ರ, ಆಮೇಲೆ ಸರಿ ಮಾಡೋಣ ಅಂದೆ. ಅವನು ಒಪ್ಪಲಿಲ್ಲ. ಭಾನುವಾರ ಬೆಳಗ್ಗೆ ಮತ್ತೆ ಫೋನ್ ಮ... 

ಹೂಂ. ಮಾಡಿದ್ದೆ. 'ಇವತ್ತು ಹಿತಾಗೆ ಸೈಕಲ್ ಕಲಿಸ್ತೀನಿ ಅಂದಿದೀನಿ ಸಾರ್' ಅಂದ. ಸ್ವಲ್ಪ ಗಟ್ಟಿಯಾಗಿ ಮಾತಾಡಿದೆ. ನನ್ನ ಲ್ಯಾಬಲ್ಲಿ ಇರ್ಬೇಕಾ ಬೇಡ್ವಾ ಯೋಚ್ನೆ ಮಾಡು ಅಂದೆ. ಯಾವ ಬಾಸ್ ಹಾಗನ್ನಲ್ಲ ಹೇಳಿ? ಹೋದ. ತಗಾದೆ ಮಾಡಿ ಕೊನೆಗೆ ಹೋದ. ಮುಗಿಸಿದೆ ಅಂತ ಮೆಸೇಜ್ ಬರ್ಲಿಲ್ಲ, ಫೋನ್ ತೆಗೀಲಿಲ್ಲ, ಸಿಟ್ಟಲ್ಲಿ ನಾನೇ ಹೊರಟೆ. ನೋಡಿದ್ರೆ ಕೆಲಸ ಹೆಚ್ಚುಕಮ್ಮಿ ಮುಗಿಸೇ ಇದ್ದ, ಪಾಪ. ಟ್ರಾಲಿ ಬಾಗಿಲಿಗೆ ಅಡ್ಡ ನಿಂತಿತ್ತು, ಕುಂಡಗಳೆಲ್ಲ ಅದರ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದ. ಇನ್ನೊಂದೇ ಕುಂಡ ತರೋಕೆ ಒಳಗೆ ಹೋಗಿ, ಹೊಸ್ತಿಲ ಹತ್ರ...

ಏನು?

ಟ್ರಾಲಿ... ಗ್ಲಾಸ್‌ಹೌಸಿಗೆ ನಾನೇ ತಳ್ಳಿದ್ದು. ಅಡ್ಡ ಇತ್ತು ವಿಭಾ. ಅದನ್ನ ಸರಿಸ್ದೆ ಅವನ ಹತ್ರ ಹೇಗೆ ಹೋಗ್ಲಿ? ಗ್ಲಾಸ್‌ಹೌಸ್ ಹತ್ರಾನೇ, ಕಾರಿಡಾರ್ ದಾಟಿ ಲಿಫ್ಟಲ್ಲಿ ಒಂದು ಫ್ಲೋರ್ ಅಷ್ಟೇ. ಆಂಬುಲೆನ್ಸಿನವರು ಬಂದಾಗ ಅದು ಅಲ್ಲಿರೋದು ಬೇಡ ಅಂತ... ಅವನು ಉಸಿರಾಡ್ತಿರಲಿಲ್ಲ. ದೇವರಾಣೆ ಉಸಿರಾಡ್ತಿರಲಿಲ್ಲ. ನಾನು ನೋಡಿದೆ. ಎಳೆದು ಹೊರಗೆ ಹಾಕಿದೆ, ಮೂಗಿನ ಹತ್ರ ಕೈ ಇಟ್ಟು ನೋಡಿದೆ, ಆಮೇಲೆ ಟ್ರಾಲಿ ತಳ್ಕೊಂಡು ಹೋದೆ... ಇಲ್ಲ, ಟ್ರಾಲಿ ಅಡ್ಡ ಇತ್ತಲ್ಲ. ಟ್ರಾಲಿ ಬಿಟ್ಟು ಬಂದು, ಆಮೇಲೆ ಎಳೆದೆ, ಆಮೇಲೆ ಕೈ... ತಡೀರಿ. ತಡೀರಿ, ಹೇಳ್ತೀನಿ.

ವಿಭಾ, ಏನಾದ್ರೂ ಅನ್ನಿ. ಬೈದಾದ್ರೂ ಬೈರಿ.

ಟ್ರಾಲಿ ತಳ್ಳೋಕೆ ಮೊದಲು ಕೈ ಇಟ್ಟು ನೋಡಿದೆ ಅಂತಾನೇ ನನ್ನ ನೆನಪು.